ಹಡಗೇ ಮನೆಯಾಗಿದ್ದ ರಾಜಕುಮಾರ

ಅದು 1922ರ ಡಿಸೆಂಬರ್. ಗ್ರೀಸ್ ದೇಶದಿಂದ ಗಡೀಪಾರಾದ ರಾಜಕುಟುಂಬವೊಂದು ಬ್ರಿಟನ್ನಿನ ‘ಕ್ಯಾಲಿಪ್ಸೊ’ ಯುದ್ಧನೌಕೆಯನ್ನೇರಿ ಹೊರಟಿತು. ಆ ಕುಟುಂಬದ ಒಂದೂವರೆ ವರ್ಷದ ಮಗುವಿಗೆ ತೊಟ್ಟಿಲಾದದ್ದು ಕಿತ್ತಳೆ ಹಣ್ಣಿನ ಪೆಟ್ಟಿಗೆ! ಆ ಮಗುವೇ ರಾಜಕುಮಾರ ಫಿಲಿಪ್. ಮುಂದೆ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್‌ರ ಪತಿಯಾದವರು.

ಹೆಸರಿಗೆ ರಾಜಕುಮಾರನಾದರೂ ಫಿಲಿಪ್‌ಗೆ ಅರಮನೆ ಇರಲಿಲ್ಲ. ತಂದೆ ಒಂದು ಕಡೆ, ತಾಯಿ ಒಂದು ಕಡೆ. ಬಾಲ್ಯವೆಲ್ಲ ಬಂಧುಗಳ ಮನೆ ಮತ್ತು ವಸತಿ ಶಾಲೆಗಳಲ್ಲೇ ಕಳೆಯಿತು. 1939ರಲ್ಲಿ, ಹದಿನೇಳರ ಹರೆಯದಲ್ಲಿ ಡಾರ್ಟ್‌ಮತ್‌ನ ನೌಕಾ ಕಾಲೇಜಿಗೆ ಸೇರಿದ ಮೇಲೆಯೇ ಅವರಿಗೆ ‘ಇದು ನನ್ನದು’ ಎನ್ನುವಂಥ ಜಾಗ ಸಿಕ್ಕಿದ್ದು. ಅಲ್ಲಿ ಅವರು ಅತ್ಯುತ್ತಮ ಕೆಡೆಟ್ ಎನಿಸಿಕೊಂಡರು.

ಕತ್ತಲಲ್ಲಿ ಬೆಳಕು

ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಗ್ರೀಸ್ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹಾಗಾಗಿ ಗ್ರೀಸ್‌ನ ರಾಜಕುಮಾರನನ್ನು ಕಾಳಗದಿಂದ ದೂರವೇ ಇಟ್ಟು, ಹಿಂದೂ ಮಹಾಸಾಗರದ ಹಡಗುಗಳಿಗೆ ಕಳಿಸಿದರು. 1940ರ ಅಕ್ಟೋಬರ್‌ನಲ್ಲಿ ಇಟಲಿ ಗ್ರೀಸ್ ಮೇಲೆ ದಾಳಿ ಮಾಡಿತು. ಆಮೇಲೆ ಅವರನ್ನು ತಡೆಯಲು ಕಾರಣವೇ ಉಳಿಯಲಿಲ್ಲ.

1941ರ ಮಾರ್ಚ್ 28ರ ರಾತ್ರಿ, ಗ್ರೀಸ್‌ನ ಮಟಪಾನ್ ಭೂಶಿರದ ಬಳಿ ಬ್ರಿಟಿಷ್ ಹಡಗುಗಳು ಸದ್ದಿಲ್ಲದೆ ಇಟಲಿಯ ನೌಕಾಪಡೆಯ ಸಮೀಪಕ್ಕೆ ಬಂದವು. ‘ವೇಲಿಯಂಟ್’ ನೌಕೆಯಲ್ಲಿ ಶೋಧದೀಪಗಳ ಹೊಣೆ ಹತ್ತೊಂಬತ್ತರ ಫಿಲಿಪ್‌ರದು. ಶತ್ರುವಿನ ಮೇಲೆ ಬೆಳಕು ಬಿಟ್ಟರೆ ಗುರಿ ಸಿಗುತ್ತದೆ, ನಿಜ. ಆದರೆ ಬೆಳಕು ಎಲ್ಲಿಂದ ಬಂತೆಂದು ಶತ್ರುವಿಗೂ ತಿಳಿಯುತ್ತದಲ್ಲ! ಆ ಅಪಾಯದ ನಡುವೆಯೂ ಅವರು ಇಟಲಿಯ ಹಡಗುಗಳ ಮೇಲೆ ಬೆಳಕು ಹಿಡಿದರು. ಅಂದಿನ ಕಾಳಗದಲ್ಲಿ ಇಟಲಿಯ ಮೂರು ಕ್ರೂಸರ್‌ಗಳೂ ಎರಡು ಡಿಸ್ಟ್ರಾಯರ್‌ಗಳೂ ಮುಳುಗಿದವು. 2,300ಕ್ಕೂ ಹೆಚ್ಚು ನಾವಿಕರು ಪ್ರಾಣ ಕಳೆದುಕೊಂಡರು.

ಉರಿಯುವ ತೆಪ್ಪದ ಉಪಾಯ

1943ರ ಜುಲೈ. ಸಿಸಿಲಿ ದ್ವೀಪದ ಬಳಿ ‘ವಾಲೇಸ್’ ನೌಕೆಯನ್ನು ರಾತ್ರಿಯಲ್ಲಿ ಬಾಂಬರ್ ವಿಮಾನವೊಂದು ಬೆನ್ನು ಹತ್ತಿತ್ತು. ಹಡಗು ಓಡಿದಷ್ಟೂ ಅದರ ಹಿಂದೆ ನೀರಿನಲ್ಲಿ ಮೂಡುವ ಬಿಳಿ ಗೆರೆ ಆಕಾಶದಿಂದ ಎದ್ದು ಕಾಣುತ್ತಿತ್ತು. ಇನ್ನೊಂದು ಸುತ್ತಿನಲ್ಲಿ ಬಾಂಬು ಗುರಿ ತಪ್ಪುವುದಿಲ್ಲ ಎಂದು ಎಲ್ಲರೂ ಹೆದರಿದ್ದರು.

ಆಗ ಹಡಗಿನ ಎರಡನೇ ಅಧಿಕಾರಿಯಾಗಿದ್ದ ಫಿಲಿಪ್‌ಗೆ ಒಂದು ಉಪಾಯ ಹೊಳೆಯಿತು. ಮರದ ತೆಪ್ಪವೊಂದನ್ನು ತರಾತುರಿಯಲ್ಲಿ ಕಟ್ಟಿಸಿ, ಅದರ ತುದಿಗಳಿಗೆ ಹೊಗೆ ಉಗುಳುವ ಡಬ್ಬಿಗಳನ್ನು ಬಿಗಿಸಿ ಸಮುದ್ರಕ್ಕೆ ಬಿಟ್ಟರು. ದೂರಕ್ಕೆ ಅದು ಹೊತ್ತಿ ಉರಿಯುವ ಹಡಗಿನ ಅವಶೇಷದಂತೆ ಕಾಣುತ್ತಿತ್ತು. ‘ವಾಲೇಸ್’ ಸ್ವಲ್ಪ ದೂರ ಸರಿದು ಎಂಜಿನ್ ನಿಲ್ಲಿಸಿತು. ಬಿಳಿ ಗೆರೆ ಮಾಯ! ವಿಮಾನ ತೆಪ್ಪದ ಮೇಲೆಯೇ ಬಾಂಬು ಸುರಿದು ಹೊರಟುಹೋಯಿತು. ಫಿಲಿಪ್‌ಗೆ ಆಗ ಇಪ್ಪತ್ತೆರಡೇ ವರ್ಷ. ಈ ಸಂಗತಿ ಹೊರಜಗತ್ತಿಗೆ ತಿಳಿದದ್ದು ಅರವತ್ತು ವರ್ಷಗಳ ನಂತರ, ಅದೇ ಹಡಗಿನಲ್ಲಿದ್ದ ನಾವಿಕರೊಬ್ಬರು ಹೇಳಿದಾಗ.

ಕಡಲು ಬಿಟ್ಟು ಆಕಾಶಕ್ಕೆ

1947ರಲ್ಲಿ ಎಲಿಜಬೆತ್‌ರೊಂದಿಗೆ ಮದುವೆಯಾಯಿತು. 1950ರಲ್ಲಿ ‘ಮ್ಯಾಗ್‌ಪೈ’ ನೌಕೆಯ ನಾಯಕತ್ವ ಸಿಕ್ಕಿತು. ಕಂಡ ಕನಸು ಕೈಗೂಡಿತ್ತು. ಆದರೆ ಮಾವ ಆರನೇ ಜಾರ್ಜ್ ದೊರೆ ಕಾಯಿಲೆ ಬಿದ್ದರು. 1951ರ ಜುಲೈನಲ್ಲಿ ಫಿಲಿಪ್ ಹಡಗಿನಿಂದ ಇಳಿದರು. ಮುಂದಿನ ಫೆಬ್ರವರಿಯಲ್ಲಿ ದೊರೆ ತೀರಿಕೊಂಡರು, ಎಲಿಜಬೆತ್ ರಾಣಿಯಾದರು. ಮೂವತ್ತರ ಹರೆಯದಲ್ಲೇ ಫಿಲಿಪ್‌ರ ನೌಕಾ ಬದುಕು ಮುಗಿಯಿತು.

ಅವರು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಚಿಪ್‌ಮಂಕ್ ಎಂಬ ಪುಟ್ಟ ವಿಮಾನದಲ್ಲಿ ಹಾರಾಟ ಕಲಿಯತೊಡಗಿದರು. 1953ರಲ್ಲಿ ವಾಯುಪಡೆಯ ಪೈಲಟ್ ಲಾಂಛನ, 1956ರಲ್ಲಿ ಹೆಲಿಕಾಪ್ಟರ್ ಲಾಂಛನ ಪಡೆದರು. 1997ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ ಹಾರಾಟ ನಿಲ್ಲಿಸುವ ಹೊತ್ತಿಗೆ 59 ಬಗೆಯ ವಿಮಾನಗಳಲ್ಲಿ 5,986 ಗಂಟೆ ಹಾರಿದ್ದರು! 1961ರಲ್ಲಿ ರಾಣಿಯೊಂದಿಗೆ ನಮ್ಮ ಬೆಂಗಳೂರಿಗೂ ಬಂದಿದ್ದರು.

2021ರ ಏಪ್ರಿಲ್ 9ರಂದು, ನೂರು ತುಂಬಲು ಎರಡು ತಿಂಗಳಿರುವಾಗ ಫಿಲಿಪ್ ನಿಧನರಾದರು. ಶವಪೆಟ್ಟಿಗೆಯ ಮೇಲೆ ಅವರ ನೌಕಾಪಡೆಯ ಟೋಪಿ ಮತ್ತು ಖಡ್ಗ ಇದ್ದವು. ಅಂತ್ಯಸಂಸ್ಕಾರದ ಪ್ರಾರ್ಥನೆಯ ಕೊನೆಯಲ್ಲಿ ಕಹಳೆಗಳು ‘ಆ್ಯಕ್ಷನ್ ಸ್ಟೇಷನ್ಸ್’ ಮೊಳಗಿಸಿದವು. ಯುದ್ಧನೌಕೆಯಲ್ಲಿ ಪ್ರತಿಯೊಬ್ಬರೂ ತಂತಮ್ಮ ಜಾಗಕ್ಕೆ ಓಡಿ ಸಜ್ಜಾಗಿ ನಿಲ್ಲಬೇಕೆಂದು ಕೊಡುವ ಕರೆ ಅದು.