ಎತ್ತಿನ ಮನೆಯಲ್ಲೊಂದು ಬಿಡಾರ

ನಂಜನಗೂಡಿನ ಶ್ರೀಕಂಠೇಶ್ವರನ ರಥೋತ್ಸವಕ್ಕೆ ಬಂದವನಿಗೆ ಛತ್ರವುಂಟು. ತಿರುಮಕೂಡಲು ನರಸೀಪುರದಲ್ಲಿ ಕಾವೇರಿ-ಕಪಿಲೆಯರ ಸಂಗಮಸ್ನಾನಕ್ಕೆ ಬಂದವನಿಗೂ ಒಂದೆರಡು ರಾತ್ರಿ ತಲೆಯೂರಲು ಎಲ್ಲಾದರೂ ಎಡೆ ಸಿಕ್ಕೀತು. ಯಾತ್ರಿಕನನ್ನು ಯಾರೂ ಹೆಚ್ಚು ವಿಚಾರಿಸುವುದಿಲ್ಲ. ಬಂದವನು ಹೋಗುವವನೇ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹಾಸಿಗೆ, ಪೆಟ್ಟಿಗೆ, ಪಾತ್ರೆ-ಪಡಗಗಳೊಡನೆ ಬಂದಿಳಿದು, “ಇಲ್ಲಿಯೇ ಕೆಲವು ಕಾಲ ಇರುತ್ತೇನೆ” ಎನ್ನುವ ಪರಸ್ಥಳದವನ ಪಾಡು ಬೇರೆ. ಅವನಿಗೆ ಬೇಕಾದುದು ಛತ್ರವಲ್ಲ, ಮನೆ. ಮನೆ ಕೊಡುವುದಕ್ಕೆ ಮೊದಲು ಅವನು ಯಾರು, ಯಾವ ಜನ, ಏಕೆ ಬಂದ ಎಂಬುದನ್ನು ಊರು ತಿಳಿಯಬಯಸುತ್ತದೆ.

1948ರಲ್ಲಿ ನರಸೀಪುರ ತಾಲ್ಲೂಕಿನ ಬನ್ನೂರು ಸೀಮೆಗೆ ಇಂತಹ ಒಬ್ಬ ಪರಸ್ಥಳದವರು ಬಂದರು. ಅವರು ಎಂ. ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಜನಿಸಿ, ಮಹಾರಾಜ ಕಾಲೇಜಿನಲ್ಲಿಯೂ ಅನಂತರ ಮುಂಬಯಿಯಲ್ಲಿ ಪ್ರೊಫೆಸರ್ ಘುರ್ಯೆಯವರ ಬಳಿಯಲ್ಲಿಯೂ ವ್ಯಾಸಂಗ ಮಾಡಿದ ಅವರು, 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ ಡಾಕ್ಟರೇಟ್ ಪದವಿ ಪಡೆದಿದ್ದರು. ಆ ವಿಶ್ವವಿದ್ಯಾಲಯವೇ ಅವರಿಗೆ ಉಪನ್ಯಾಸಕರ ಹುದ್ದೆಯನ್ನಿತ್ತು, ಮೊದಲ ವರ್ಷವನ್ನು ಹಳ್ಳಿಯೊಂದರ ಅಧ್ಯಯನದಲ್ಲಿ ಕಳೆಯಲು ಅನುಮತಿ ನೀಡಿತು. ಅವರು ಆರಿಸಿಕೊಂಡ ಹಳ್ಳಿ ಕೊಡಗಹಳ್ಳಿ. ತಮ್ಮ ಬರಹಗಳಲ್ಲಿ ಅದಕ್ಕೆ ‘ರಾಮಪುರ’ವೆಂದು ಹೆಸರಿಟ್ಟರು. ಇಂದು ಜಗತ್ತಿನ ಸಮಾಜಶಾಸ್ತ್ರಜ್ಞರು ಬಲ್ಲ ರಾಮಪುರ ಇದೇ.

ಭಾಷೆ ಕನ್ನಡ, ಜಿಲ್ಲೆ ಮೈಸೂರು. ಹಾಗಿದ್ದರೂ ಅದು ಅವರಿಗೆ ಪರಸ್ಥಳವೇ ಆಗಿತ್ತು. ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಹಳ್ಳಿಯ ವಾಸ ತಿಳಿಯದು. ಬಾಗಿಲಿಗೆ ಬಾಡಿಗೆಯ ಫಲಕ ತೂಗುವ ಮನೆಗಳೂ ಅಲ್ಲಿರಲಿಲ್ಲ. ಅಂತಹ ಊರಿನಲ್ಲಿ ಹೊಸಬನು ನೆಲೆಯೂರಬೇಕಾದರೆ ಹಿರಿಯರೊಬ್ಬರು ಅವನ ಹೊಣೆ ಹೊರಬೇಕು. ಆ ಹೊಣೆಯನ್ನು ಹೊತ್ತವರು ಊರಿನ ಪಟೇಲರು. ಅವರು ಶ್ರೀನಿವಾಸರಿಗೆ ಬಿಟ್ಟುಕೊಟ್ಟದ್ದು ತಮ್ಮ ‘ಎತ್ತಿನ ಮನೆ’ಯ ಒಂದು ಭಾಗವನ್ನು. ಪಟೇಲರ ಕುಟುಂಬದ ವಾಸ ಬೇರೆ ಮನೆಯಲ್ಲಿ. ಎತ್ತಿನ ಮನೆಯಲ್ಲಿ ಅವರ ಎತ್ತುಗಳನ್ನು ಕಟ್ಟುತ್ತಿದ್ದರು. ಅವುಗಳ ಕಾವಲಿಗೆ ಗಂಡಾಳುಗಳು ರಾತ್ರಿ ಮಲಗುತ್ತಿದ್ದರು. ಆಕ್ಸ್‌ಫರ್ಡಿನ ಪಂಡಿತರು ತಮ್ಮ ಪುಸ್ತಕಗಳನ್ನೂ ಅಡುಗೆಯವನನ್ನೂ ಕರೆತಂದು ಅಲ್ಲಿ ಬಿಡಾರ ಹೂಡಿದರು.

ಪೇಟೆಯವನಿಗೆ ಮನೆಯೆಂದರೆ ಬಾಗಿಲು ಹಾಕಿಕೊಂಡು ಒಬ್ಬನೇ ಇರಬಹುದಾದ ಸ್ಥಳ. ಎತ್ತಿನ ಮನೆಯಲ್ಲಿ ಆ ಸುಖವಿರಲಿಲ್ಲ. ಬೆಳಗಾದರೆ ಜಗಲಿಯ ಮೇಲೆ ಜನ. ಅವರು ಬಂದದ್ದು ಹೊಸಬನನ್ನು ನೋಡಲು, ಮಾತನಾಡಿಸಲು, ಅವನು ಏನು ಬರೆಯುತ್ತಾನೆಂದು ತಿಳಿಯಲು. ಊರನ್ನು ಪರೀಕ್ಷಿಸಲು ಬಂದವರನ್ನು ಊರೇ ಪರೀಕ್ಷಿಸತೊಡಗಿತು! ಶೌಚಕ್ಕೆ ಹೊಲಗಳ ಕಡೆಗೇ ಹೋಗಬೇಕು. ಅಲ್ಲಿಯೂ ಏಕಾಂತ ದುರ್ಲಭ. ಒಂದು ದಿನ ಅವರು ಸ್ನಾನ ಮುಗಿಸಿ ಕ್ಷೌರ ಮಾಡಿಕೊಂಡುದು ಹಳ್ಳಿಗರಿಗೆ ಸರಿಬೀಳಲಿಲ್ಲ. ಕ್ಷೌರದ ಮೈಲಿಗೆ ಸ್ನಾನದಿಂದ ಕಳೆಯಬೇಕಲ್ಲದೆ, ಸ್ನಾನದ ಮಡಿಯನ್ನು ಕ್ಷೌರದಿಂದ ಕೆಡಿಸುವುದುಂಟೆ? ಬ್ರಾಹ್ಮಣರಾಗಿ ಹುಟ್ಟಿದವರು ಬ್ರಾಹ್ಮಣರಂತೆಯೇ ನಡೆದುಕೊಳ್ಳಬೇಕೆಂದು ಆ ಒಕ್ಕಲಿಗರ ಊರು ಅಪೇಕ್ಷಿಸಿತು. ಆಕ್ಸ್‌ಫರ್ಡಿನಲ್ಲಿ ಯಾರೂ ಕೇಳದಿದ್ದ ಆಚಾರವನ್ನು ಎತ್ತಿನ ಮನೆಯಲ್ಲಿ ಪಾಲಿಸಬೇಕಾಯಿತು.

ಇವೆಲ್ಲ ಸಣ್ಣ ಕಷ್ಟಗಳು. ಆ ವಸತಿಗೆ ತೆತ್ತ ದೊಡ್ಡ ಬೆಲೆ ಬೇರೊಂದಿತ್ತು. ಪಟೇಲರ ಮನೆಯಲ್ಲಿ ಇರುವವನು ಊರಿನ ಕಣ್ಣಿಗೆ ಪಟೇಲರ ಕಡೆಯವನೇ. ಅವನು ಯಾರೊಡನೆ ಕೂಡುತ್ತಾನೆ, ಯಾವ ಕೇರಿಗೆ ಹೋಗುತ್ತಾನೆ ಎಂಬುದು ಆಶ್ರಯದಾತರ ಮರ್ಯಾದೆಗೂ ಸಂಬಂಧಿಸಿದ ವಿಷಯ. ಎತ್ತಿನ ಮನೆಯ ಜಗಲಿಗೆ ಬಂದು ಕುಳಿತು ಹರಟುವವರು ಬಹುಮಟ್ಟಿಗೆ ಮೇಲಿನವರು, ಜಮೀನುಳ್ಳವರು. ಅಂದು ಹರಿಜನರೆಂದು ಕರೆಯಲಾಗುತ್ತಿದ್ದ ದಲಿತರ ಕೇರಿಗೂ ಮುಸಲ್ಮಾನರ ಮನೆಗಳಿಗೂ ಅಲ್ಲಿಂದ ಇದ್ದ ದೂರವನ್ನು ಹೆಜ್ಜೆಗಳಲ್ಲಿ ಅಳೆಯುವಂತಿರಲಿಲ್ಲ. ತಾವು ಕಂಡ ಹಳ್ಳಿ ಹೆಚ್ಚಾಗಿ ಮೇಲುಜಾತಿಯವರ ಕಣ್ಣಿಗೆ ಕಾಣುವ ಹಳ್ಳಿ ಎಂಬುದನ್ನು ಶ್ರೀನಿವಾಸರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ವಿದ್ವಾಂಸರಲ್ಲಿ ಅಪರೂಪವಾದ ಪ್ರಾಮಾಣಿಕತೆ ಇದು.

ಆ ಬಿಡಾರದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1952ರಲ್ಲಿ ಅವರು ಪುನಃ ಹಳ್ಳಿಗೆ ಹೋಗಿಬಂದರು. 1959ರಲ್ಲಿ ಪ್ರಬಲ ಜಾತಿಯ ಬಗೆಗೆ ಬರೆದ ಪ್ರಸಿದ್ಧ ಪ್ರಬಂಧಕ್ಕೂ ರಾಮಪುರವೇ ಆಧಾರ. ಹಳ್ಳಿಯನ್ನು ಕುರಿತು ಪೂರ್ಣ ಗ್ರಂಥವೊಂದನ್ನು ಬರೆಯಲೆಂದು ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಅಲ್ಲಿನ ಅಧ್ಯಯನ ಕೇಂದ್ರಕ್ಕೆ ಬೆಂಕಿಯಿಟ್ಟರು. ಅನೇಕ ವರ್ಷಗಳ ಶ್ರಮದಿಂದ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಉರಿದುಹೋದವು. ನೆನಪಿನಿಂದಲೇ ಬರೆಯಬಾರದೇಕೆ ಎಂದು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಸೂಚಿಸಿದರು. ಹಾಗೆ ಮೂಡಿಬಂದದ್ದು 1976ರಲ್ಲಿ ಪ್ರಕಟವಾದ ‘ದಿ ರಿಮೆಂಬರ್ಡ್ ವಿಲೇಜ್’. ಕಾಗದ ಸುಟ್ಟಿತು, ಜಗಲಿಯ ಮೇಲೆ ಕೇಳಿದ ಮಾತು ಸುಡಲಿಲ್ಲ. ಬಾಗಿಲು ಹಾಕಿಕೊಳ್ಳಲು ಬಿಡದೆ ಅಂದು ಬೇಸರ ತರಿಸಿದ್ದ ಆ ಜನರೇ ಇಂದು ಪುಸ್ತಕದ ಜೀವವಾಗಿದ್ದಾರೆ.

1999ರಲ್ಲಿ ಶ್ರೀನಿವಾಸರು ಕಾಲವಾದರು. ಇಂದು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸ ಹುಡುಕಿಕೊಂಡು ದೂರದಿಂದ ಬರುವ ತರುಣನೂ, ನರಸೀಪುರದ ಹಳ್ಳಿಯಿಂದ ಮೈಸೂರಿಗೆ ಓದಲು ಹೋಗುವ ಹುಡುಗಿಯೂ ಮೊದಲು ಹುಡುಕುವುದು ಒಂದು ಕೋಣೆಯನ್ನು. ಮುಂಗಡ ಹಣದ ಮಾತಿಗೆ ಮೊದಲೇ ಎಷ್ಟೋ ಬಾಗಿಲುಗಳಲ್ಲಿ “ನೀವು ಯಾವ ಜನ?” ಎಂಬ ಪ್ರಶ್ನೆ ಎದುರಾಗುತ್ತದೆ. ಆ ಪ್ರಶ್ನೆಗೆ ಶ್ರೀನಿವಾಸರಲ್ಲಿದ್ದ ಉತ್ತರ ಅವರಿಗೆ ಎತ್ತಿನ ಮನೆಯನ್ನು ದೊರಕಿಸಿಕೊಟ್ಟಿತು. ಅದೇ ಉತ್ತರ ಅರ್ಧ ಊರನ್ನು ಅವರಿಂದ ಮರೆಮಾಡಿತು. ಬೇರೆ ಉತ್ತರವುಳ್ಳವನಿಗೆ ಆ ಜಗಲಿಯ ಮೆಟ್ಟಿಲೂ ದೊರೆಯುತ್ತಿರಲಿಲ್ಲ. ಬಾಡಿಗೆಗೆ ಕೊಡಲು ಒಂದು ಕೋಣೆಯುಳ್ಳ ಗೃಹಸ್ಥರು, ಹೊಸಬರು ಬಾಗಿಲು ತಟ್ಟಿದಾಗ ಇದನ್ನೊಮ್ಮೆ ನೆನೆದರೆ ಒಳಿತು.