ಮುದ್ರಕದ ಮುಂದಿನ ಸರದಿ

ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂವತ್ತು ಗಣಕಯಂತ್ರಗಳಿದ್ದು, ಮುದ್ರಕವು ಒಂದೇ ಇದೆಯೆಂದು ಭಾವಿಸೋಣ. ಮೂವತ್ತು ವಿದ್ಯಾರ್ಥಿಗಳೂ ಏಕಕಾಲದಲ್ಲಿ ತಲಾ ಹತ್ತು ಪುಟಗಳ ವರದಿಯನ್ನು ಕಳುಹಿಸಿದರೂ ಒಬ್ಬನ ಪುಟಗಳ ನಡುವೆ ಇನ್ನೊಬ್ಬನ ಪುಟ ಬೆರೆಯುವುದಿಲ್ಲ. ಇದು ಹೇಗೆ ಸಾಧ್ಯ?

ಮೊದಲು ವೇಗದ ಅಂತರವನ್ನು ಗಮನಿಸಬೇಕು. ಅಂಗುಲಕ್ಕೆ 600 ಚುಕ್ಕೆಗಳಂತೆ ಮುದ್ರಿಸುವಾಗ ಎ4 ಹಾಳೆಯೊಂದರಲ್ಲಿ ಸುಮಾರು 3.5 ಕೋಟಿ ಚುಕ್ಕೆಗಳಿಗೆ ಸ್ಥಳವಿರುತ್ತದೆ. ಪ್ರತಿಯೊಂದಕ್ಕೂ ಕಪ್ಪೋ ಬಿಳಿಯೋ ಎಂದು ತಿಳಿಸುವ ಒಂದು ಬಿಟ್ ಬೇಕು. ಸೆಕೆಂಡಿಗೆ 10 ಕೋಟಿ ಬಿಟ್‌ಗಳನ್ನು ಒಯ್ಯುವ ಜಾಲದಲ್ಲಿ 300 ಪುಟಗಳೂ ಸುಮಾರು ಎರಡು ನಿಮಿಷಗಳಲ್ಲಿ ಬಂದು ಸೇರಬಲ್ಲವು. ಆದರೆ ನಿಮಿಷಕ್ಕೆ 20 ಹಾಳೆಗಳನ್ನು ಮುದ್ರಿಸುವ ಯಂತ್ರಕ್ಕೆ ಅಷ್ಟೇ ಕೆಲಸಕ್ಕೆ 15 ನಿಮಿಷಗಳು ಬೇಕು. ಅಲ್ಲಿಯವರೆಗೆ ಈ ಪುಟಗಳು ಎಲ್ಲಾದರೂ ಕಾದಿರಲೇಬೇಕು.

ಈ ಸಮಸ್ಯೆ ಹೊಸದಲ್ಲ. 1959ರಲ್ಲಿ ಪ್ರಕಟವಾದ ಐಬಿಎಂ 1401 ಗಣಕದ ಮುದ್ರಕವು ನಿಮಿಷಕ್ಕೆ 600 ಸಾಲುಗಳನ್ನು ಅಚ್ಚುಹಾಕುತ್ತಿತ್ತು. ಆದರೂ ದೊಡ್ಡ ಗಣಕಗಳ ಪಾಲಿಗೆ ಅದು ಆಮೆಯ ನಡಿಗೆಯೇ. ಆದಕಾರಣ ದೊಡ್ಡ ಗಣಕವು ಫಲಿತಾಂಶವನ್ನು ಕಾಂತೀಯ ಸುರುಳಿಯ ಮೇಲೆ ಬರೆದು ಮುಂದಿನ ಲೆಕ್ಕಕ್ಕೆ ತೊಡಗುತ್ತಿತ್ತು. ಆ ಸುರುಳಿಯಿಂದ ಮುದ್ರಿಸುವ ಕೆಲಸವನ್ನು 1401 ನಿರ್ವಹಿಸುತ್ತಿತ್ತು. ಮುಂದೆ ಸುರುಳಿಯ ಸ್ಥಾನಕ್ಕೆ ಡಿಸ್ಕು ಬಂದಿತು. ಇಂದು ಸರ್ವರ್ ಎಂಬ ಗಣಕವು ಬಂದ ಕೆಲಸಗಳನ್ನು ತನ್ನ ಡಿಸ್ಕಿನಲ್ಲಿರಿಸಿಕೊಂಡು, ಸಾಮಾನ್ಯವಾಗಿ ಬಂದ ಕ್ರಮದಲ್ಲಿಯೇ, ಒಂದು ಮುಗಿದ ಬಳಿಕ ಇನ್ನೊಂದನ್ನು ಮುದ್ರಕಕ್ಕೆ ಒಪ್ಪಿಸುತ್ತದೆ. ಇದೇ ಸರದಿ.

ಇಂತಹ ಏರ್ಪಾಟನ್ನು ಮಾಡುವವರು ಮೊದಲು ಮುದ್ರಕಕ್ಕೆ ಜಾಲದಲ್ಲಿ ಬದಲಾಗದ ವಿಳಾಸವನ್ನು ಕೊಡಬೇಕು. ವಿಳಾಸ ಬದಲಾದರೆ, ಬಾಡಿಗೆದಾರನು ಬಿಟ್ಟುಹೋದ ಮನೆಗೆ ಕಾಗದ ಬರೆದಂತಾಗುತ್ತದೆ. ಅನಂತರ ಸರ್ವರಿನಲ್ಲಿ ಸರದಿಯೊಂದನ್ನು ರಚಿಸಿ, ಅದಕ್ಕೆ ಹೆಸರನ್ನೂ ಆ ವಿಳಾಸವನ್ನೂ ಮುದ್ರಕಕ್ಕೆ ತಕ್ಕ ಡ್ರೈವರನ್ನೂ ಗೊತ್ತುಪಡಿಸಬೇಕು. ಯಾರು ಮುದ್ರಿಸಬಹುದೆಂಬುದನ್ನು ನಿಶ್ಚಯಿಸಿ, ಪರೀಕ್ಷಾಪುಟವೊಂದನ್ನು ತೆಗೆದು ನೋಡಬೇಕು. ಆಮೇಲೆ ವಿದ್ಯಾರ್ಥಿಗಳ ಗಣಕಗಳನ್ನು ಈ ಸರದಿಗೆ ಜೋಡಿಸಿದರಾಯಿತು. ಅವು ಮುದ್ರಕದೊಡನೆ ನೇರವಾಗಿ ವ್ಯವಹರಿಸಬೇಕಾಗಿಲ್ಲ.

ಸರದಿಯು ಸರ್ವರಿನಲ್ಲಿದೆ ಎಂಬುದನ್ನು ಮರೆತರೆ ತೊಂದರೆ ತಪ್ಪಿದ್ದಲ್ಲ. ಕಾಗದ ಮುಗಿದು ಯಂತ್ರ ನಿಂತಾಗ ತಾಳ್ಮೆಗೆಟ್ಟು ನಾಲ್ಕು ಬಾರಿ ಆಜ್ಞೆಯಿತ್ತವನಿಗೆ, ಕಾಗದ ತುಂಬಿದೊಡನೆ ನಾಲ್ಕು ಪ್ರತಿಗಳು ದೊರೆಯುತ್ತವೆ. ಸರ್ವರ್ ಕೆಟ್ಟರೆ, ಮುದ್ರಕವು ಸುಸ್ಥಿತಿಯಲ್ಲಿದ್ದರೂ ಎಲ್ಲರ ಕೆಲಸವೂ ನಿಲ್ಲುತ್ತದೆ. ಸರದಿಯನ್ನು ನಡೆಸುವ ತಂತ್ರಾಂಶಕ್ಕೂ ಕಾವಲು ಬೇಕು: 2021ರಲ್ಲಿ ವಿಂಡೋಸಿನ ಈ ಭಾಗದಲ್ಲಿಯೇ ಕಂಡುಬಂದ ದೋಷದ ಮೂಲಕ ಅನ್ಯರು ಇಡೀ ಗಣಕವನ್ನೇ ವಶಪಡಿಸಿಕೊಳ್ಳಬಹುದಾಗಿತ್ತು, ಮೈಕ್ರೋಸಾಫ್ಟ್ ಸಂಸ್ಥೆಯು ತುರ್ತಾಗಿ ತಿದ್ದುಪಡಿಯನ್ನು ಹೊರಡಿಸಬೇಕಾಯಿತು.

ಅಧ್ಯಾಪಕರೊಬ್ಬರು ಪ್ರಶ್ನಪತ್ರಿಕೆಯನ್ನು ತಪ್ಪಿ ಸಾರ್ವಜನಿಕ ಮುದ್ರಕಕ್ಕೆ ಕಳುಹಿಸಿ, ಗಾಬರಿಯಿಂದ ಅದರ ಗುಂಡಿಯನ್ನು ಆರಿಸಿದರೆನ್ನಿ. ಪತ್ರಿಕೆಯು ಅಳಿದಿರುವುದಿಲ್ಲ, ಸರ್ವರಿನ ಡಿಸ್ಕಿನಲ್ಲಿ ಕಾದಿರುತ್ತದೆ. ಮರುದಿನ ಯಾರಾದರೂ ಮುದ್ರಕವನ್ನು ಚಾಲೂ ಮಾಡಿದಾಗ, ಎದುರಿಗೆ ನಿಂತವರ ಕೈಗೇ ಬಂದೀತು. ಆದುದರಿಂದ, ಕಳುಹಿಸಿದ್ದನ್ನು ಹಿಂಪಡೆಯಬೇಕಾದರೆ ಸರದಿಯಿಂದಲೇ ಅದನ್ನು ತೆಗೆದುಹಾಕಬೇಕು.