ಹತ್ತು ಅಂದ್ರ ಯಾವ ಹತ್ತು?

ಡಿಪ್ಲೊಮಾ ಮುಗಿಸಿ ಆರು ತಿಂಗಳು ಅರ್ಜಿ ಹಾಕಿದ ಮೇಲೆ ನನಗೆ ಸಿಕ್ಕಿದ್ದು ಗುತ್ತಿಗೆದಾರರೊಬ್ಬರ ಬಳಿ ಒಳಚರಂಡಿ ಪಂಪ್ ನಿರ್ವಹಣೆಯ ಕೆಲಸ. ಮನೆ ಉಣಕಲ್ ಕೆರೆ ಹತ್ತಿರ. ಬೆಳಿಗ್ಗೆ ಚಿಗರಿ ಬಸ್ ಹತ್ತಿದರೆ ಸಂಜೆವರೆಗೂ ಸೈಟಿನಲ್ಲೇ. 'ಎಂಥಾ ಕೆಲಸಲೇ ಅದು' ಎಂದು ಗೆಳೆಯರು ನಕ್ಕಿದ್ದೂ ಉಂಟು.

ಮೊದಲ ವಾರವೇ ಕೈಗೆ ಬಂದದ್ದು ಪೋರ್ಟಬಲ್ ಗ್ಯಾಸ್ ಅನಲೈಸರ್. ಬಾವಿಯೊಳಗೆ ಮನುಷ್ಯ ಇಳಿಯುವ ಮೊದಲು ಅದರ ಪೈಪ್ ಇಳಿಯಬೇಕು. ಪರದೆಯ ಮೇಲೆ ನಾಲ್ಕು ಅಂಕಿ. ಎಲ್‌ಇಎಲ್, ಪಿಪಿಎಂ ಎಲ್ಲವನ್ನೂ ಇಂಟರ್‌ವ್ಯೂಗೆಂದು ಬಾಯಿಪಾಠ ಮಾಡಿದ್ದೆನಲ್ಲ, ಧೈರ್ಯವಾಗಿ ಪರ್ಮಿಟ್ ಫಾರ್ಮಿನಲ್ಲಿ 'ಗ್ಯಾಸ್: 10' ಎಂದು ಬರೆದೆ.

ಸೂಪರ್‌ವೈಸರ್ ಕನ್ನಡಕ ಏರಿಸಿ ಕೇಳಿದರು: 'ತಮ್ಮಾ, ಯಾವ ಹತ್ತು ಇದು?'

ನನ್ನ ಬಳಿ ಉತ್ತರ ಇರಲಿಲ್ಲ. ಮಿಥೇನ್ ಸಾಲಿನ 10 ಎಂದರೆ ಎಲ್‌ಇಎಲ್‌ನ ಶೇ 10. ಗಾಳಿಯಲ್ಲಿ ಮಿಥೇನ್ ಸುಮಾರು ಶೇ 5 ಆದಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆ ಐದನ್ನೇ ಯಂತ್ರ ನೂರು ಎಂದು ಎಣಿಸುತ್ತದೆ. ಅಂದರೆ ಬಾವಿಯಲ್ಲಿ ಇದ್ದ ಮಿಥೇನ್ ಶೇ 0.5. ಹೈಡ್ರೋಜನ್ ಸಲ್ಫೈಡ್ ಸಾಲಿನ 10 ಬೇರೆಯೇ: ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು. ಹಿಂದಿನ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಎಂಟು ತಾಸಿನ ಸರಾಸರಿ, ಅಂದರೆ ಟಿಡಬ್ಲ್ಯೂಎ, ಅದಕ್ಕಿಂತ ಹೆಚ್ಚಾಗುವಂತಿರಲಿಲ್ಲ. ಹದಿನೈದು ನಿಮಿಷದ ಮಿತಿಯಾದ ಎಸ್‌ಟಿಇಎಲ್ 15 ಇತ್ತು. ಆಮ್ಲಜನಕದ ಸಾಲಿನಲ್ಲಿ 10 ಕಂಡರಂತೂ ಒಳಗೆ ಹೋದವನು ತಿರುಗಿ ಏಣಿ ಹತ್ತುವುದು ಕಷ್ಟ, ಅಲ್ಲಿ 20.9 ಇರಬೇಕು, 19.5ಕ್ಕಿಂತ ಕೆಳಗೆ ಹೋದರೆ ಯಂತ್ರ ಕೂಗಿಕೊಳ್ಳುತ್ತದೆ.

ಇದನ್ನು ಕಲಿತೆ. ಆದರೆ ನನ್ನ ದೊಡ್ಡ ತಪ್ಪು ಆಗಿದ್ದು 'ಜೀರೊ' ಎಂಬ ಸುಲಭದ ಪದದಲ್ಲಿ.

ಅದೊಂದು ದಿನ ಅವಸರದಲ್ಲಿ, ಆಗಷ್ಟೇ ಮುಚ್ಚಳ ತೆಗೆದ ಬಾವಿಯ ಬಾಯಿಯಲ್ಲೇ ನಿಂತು ಯಂತ್ರವನ್ನು ಜೀರೊ ಮಾಡಿದೆ. ಪೈಪ್ ಇಳಿಸಿದಾಗ ಹೈಡ್ರೋಜನ್ ಸಲ್ಫೈಡ್ 4 ತೋರಿಸಿತು. ನನ್ನ ಅಪ್ಪನ ವಯಸ್ಸಿನ ಕಾಕಾ ಒಬ್ಬರು ಬೆಲ್ಟ್ ಕಟ್ಟಿಕೊಂಡು, 'ಇಳೀಲೇನಪಾ?' ಎಂದರು. 'ಹ್ಞೂಂ' ಎನ್ನುವಷ್ಟರಲ್ಲಿ ಸೂಪರ್‌ವೈಸರ್ ತಡೆದರು. 'ಮಷಿನ್ ತಗೊಂಡು ಆ ಬೇವಿನ ಗಿಡದ ತನಕ ಹೋಗಿ ಬಾ.'

ಗಿಡದ ಕೆಳಗೆ ಪರದೆ ಮೈನಸ್ 9 ತೋರಿಸಿತು. ಇಲ್ಲದ ಅನಿಲಕ್ಕಿಂತ ಕಡಿಮೆ ಅನಿಲ ಎಲ್ಲಿಂದ ಬರಬೇಕು? ಬಾವಿಯ ಬಾಯಲ್ಲಿದ್ದ ಒಂಬತ್ತನ್ನೇ ನಾನು ಸೊನ್ನೆ ಎಂದು ಯಂತ್ರಕ್ಕೆ ಕಲಿಸಿದ್ದೆ. ಒಳಗಿದ್ದದ್ದು ನಾಲ್ಕಲ್ಲ, ಹದಿಮೂರು. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಿಳಿಯುತ್ತದೆ ಎಂದು ಮೂಗನ್ನು ನಂಬುವಂತೆಯೂ ಇಲ್ಲ. ನೂರು ಪಿಪಿಎಂ ಆಸುಪಾಸಿನಲ್ಲಿ ಮೂಗೇ ಮರಗಟ್ಟುತ್ತದೆ.

ಗಿಡದ ಕೆಳಗೇ ಮತ್ತೆ ಜೀರೊ ಮಾಡಿದೆ. ತಿಳಿದ ಪ್ರಮಾಣದ ಅನಿಲ ಹಾಯಿಸಿ ಅಲಾರಾಂ ಕೂಗುತ್ತದೋ ನೋಡುವ ಬಂಪ್ ಟೆಸ್ಟ್ ಕೂಡ ಆಯಿತು. ಬಾವಿಗೆ ಬ್ಲೋವರ್ ಹಚ್ಚಿ, ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ಅಳೆದೆವು, ಏಕೆಂದರೆ ಮಿಥೇನ್ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಪೈಪ್ ಉದ್ದವಿದ್ದಷ್ಟೂ ಅಂಕಿ ನಿಲ್ಲಲು ಕಾಯಬೇಕು. ಕಾಕಾ ಇಳಿದಾಗ ಊಟದ ಹೊತ್ತು ಮೀರಿತ್ತು. ಅವರು ಒಂದು ಮಾತೂ ಆಡಲಿಲ್ಲ.

ಈಗ ಮಾತ್ರ ಬೆಲ್ಟ್ ಕಟ್ಟಿಕೊಳ್ಳುವ ಮೊದಲು ಅವರೇ ಕೇಳುತ್ತಾರೆ: 'ಜೀರೊ ಎಲ್ಲಿ ಮಾಡಿದೀಪಾ?'